ಲ್ಯಾಪ್‌ಟಾಪ್ ಕೊಟ್ರಿ, ಸ್ಕ್ರೂಡ್ರೈವರ್ ಯಾಕೆ ಕೊಡಲಿಲ್ಲ?

ನಮ್ಮ ಮಕ್ಕಳಿಗೆ ಸರ್ಕಾರ ಲ್ಯಾಪ್‌ಟಾಪ್ ಕೊಡುವ ಫೋಟೋ ಎಲ್ಲರೂ ನೋಡಿದ್ದೀರಿ. ಸಚಿವರು, ಹಾರ, ಚಪ್ಪಾಳೆ. ಎರಡು-ಮೂರು ವರ್ಷದ ಮೇಲೆ ಅದೇ ಲ್ಯಾಪ್‌ಟಾಪ್ ಹಾಸ್ಟೆಲ್ ಟ್ರಂಕಿನ ತಳದಲ್ಲಿ ಕೆಟ್ಟು ಬಿದ್ದಿರುತ್ತಲ್ಲ, ಅದರ ಫೋಟೋ ಯಾರೂ ಹಾಕಲ್ಲ.

ಬಡ ಮಕ್ಕಳ ಲ್ಯಾಪ್‌ಟಾಪ್ ಹೇಗಿರಬಹುದು ಅನ್ನೋದಕ್ಕೆ ಒಂದು ಉದಾಹರಣೆ ಇದೆ. ಅಮೆರಿಕದ ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಸಂಸ್ಥೆಯ ಎಕ್ಸ್‌ಓ ಅನ್ನುವ ಹಸಿರು-ಬಿಳಿ ಯಂತ್ರ. 2007ರಲ್ಲಿ ತಯಾರಿಕೆ ಶುರುವಾಯಿತು. ಫ್ಯಾನ್ ಇಲ್ಲ, ತಿರುಗುವ ಹಾರ್ಡ್‌ಡಿಸ್ಕ್ ಇಲ್ಲ, ಕೀಬೋರ್ಡಿಗೆ ರಬ್ಬರ್ ಹೊದಿಕೆ. ಸಾಮಾನ್ಯ ಸ್ಕ್ರೂಡ್ರೈವರ್ ಸಾಕು, ಬಿಚ್ಚಬಹುದು. ಕಳೆದುಹೋದರೆ ಇರಲಿ ಅಂತ ಹೆಚ್ಚುವರಿ ಸ್ಕ್ರೂಗಳನ್ನು ಒಳಗೇ ಇಟ್ಟಿದ್ದರು. ಬಿಚ್ಚುವ ಕ್ರಮವನ್ನು ಚಿತ್ರಸಮೇತ ಎಲ್ಲರಿಗೂ ತೆರೆದಿಟ್ಟಿದ್ದರು.

ಅದನ್ನೇನೂ ಪೂಜೆ ಮಾಡಬೇಕಿಲ್ಲ. 100 ಡಾಲರ್ ಅಂದವರು ಸುಮಾರು 200ಕ್ಕೆ ಮುಟ್ಟಿಸಿದರು. ಭಾರತ ಸರ್ಕಾರ 2006ರಲ್ಲೇ ಬೇಡ ಅಂದಿತು. ಪೆರುವಿನಲ್ಲಿ ಅದನ್ನು ಹಂಚಿದ ಮೇಲೂ ಮಕ್ಕಳ ಗಣಿತ, ಭಾಷೆ ಸುಧಾರಿಸಿದ್ದು ಕಾಣಲಿಲ್ಲ ಅಂತ ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ 2012ರ ಅಧ್ಯಯನ ಹೇಳಿತು. ಯಂತ್ರ ಹಂಚಿದ ಮಾತ್ರಕ್ಕೆ ವಿದ್ಯೆ ಬರಲ್ಲ. ಆದರೆ ಬಡವರ ಮಗು ಯಂತ್ರ ಬಿಚ್ಚಬಹುದು, ಕೂಡಿಸಬಹುದು ಅಂತ ನಂಬಿ ಅದನ್ನು ಮಾಡಿದ್ದರು. ಆ ನಂಬಿಕೆ ನಮ್ಮವರಿಗೆ ಯಾಕಿಲ್ಲ?

ಗುಮಾಸ್ತಿಕೆ ಮಾಡೋ ನನಗೆ ಟೆಂಡರ್ ಭಾಷೆ ಗೊತ್ತು. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ವಾರಂಟಿ ಎಷ್ಟು ವರ್ಷ ಅಂತ ಬರೀತಾರೆ. ವಾರಂಟಿ ಮುಗಿದ ಮಾರನೇ ದಿನ ಏನು ಅಂತ ಬರೆಯಲ್ಲ. ಅಗ್ಗದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್, ಸ್ಟೋರೇಜ್ ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಒಂದು ಚಿಪ್ ಹೋದರೆ ಇಡೀ ಬೋರ್ಡೇ ಬದಲಿಸಿ ಅಂತಾರೆ.

ಎಷ್ಟೋ ಸಲ ಕಾಯಿಲೆ ಅಷ್ಟು ದೊಡ್ಡದೂ ಅಲ್ಲ. ಚಾರ್ಜರ್ ವೈರ್ ತುಂಡಾಗಿರುತ್ತೆ, ಚಾರ್ಜಿಂಗ್ ಪಿನ್ ಸಡಿಲವಾಗಿರುತ್ತೆ. ರ‍್ಯಾಮ್ ಬಿಚ್ಚುವಂತಿದ್ದರೆ, ಬ್ಯಾಟರಿ ಸಂಪರ್ಕ ತಪ್ಪಿಸಿ, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಸತ್ತ ಪರದೆ ಬೆಳಗೋದುಂಟು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಒತ್ತಬಾರದು, ಚುಚ್ಚಬಾರದು. ಇಷ್ಟು ಹೇಳಿಕೊಡೋಕೆ ಐಐಟಿ ಬೇಕಾ?

"ನಮ್ಮ ಮಕ್ಕಳಿಗೆ ಮತ್ತೆ ಕೈಕೆಲಸಾನಾ? ಕೋಡಿಂಗ್ ಕಲಿಸಿ" ಅಂತ ನಮ್ಮ ಗೆಳೆಯರೇ ಕೇಳ್ತಾರೆ. ಆ ನೋವು ನನಗೆ ಅರ್ಥವಾಗುತ್ತೆ. ಆದರೆ ತಂಗಡಿ ತೊಗಟೆ, ಸುಣ್ಣ ಹಾಕಿ ಚರ್ಮ ಹದ ಮಾಡಿದ ಕೈಗೆ ರಸಾಯನಶಾಸ್ತ್ರ ಗೊತ್ತಿತ್ತು. ಅದನ್ನು ವಿದ್ಯೆ ಅನ್ನದೆ ಮೈಲಿಗೆ ಅಂದರು. ಆ ಮೋಸವನ್ನು ನಾವೂ ನಂಬಬೇಕಾ? ಕೋಡಿಂಗೂ ಬೇಕು, ಆ ಕೋಡ್ ಓಡುವ ಬೋರ್ಡೂ ಗೊತ್ತಿರಬೇಕು.

ಇನ್ನು ಕೆಟ್ಟ ಲ್ಯಾಪ್‌ಟಾಪ್ ಕೊನೆಗೆ ಗುಜರಿಗೆ ಹೋಗುತ್ತೆ. ಅಲ್ಲಿ ಬರಿಗೈಲಿ ಒಡೆದು, ಬೋರ್ಡ್ ಸುಟ್ಟ ಹೊಗೆ ಕುಡಿದು ತಾಮ್ರ ತೆಗೆಯೋರು ಯಾರು? ಹೆಚ್ಚಾಗಿ ದಲಿತರು, ಬಡ ಮುಸ್ಲಿಮರು. ದನ ಬದುಕಿದ್ದಾಗ ಅವರದು, ಸತ್ತ ಮೇಲೆ ಹೊರೋದು ನಾವು. ಲ್ಯಾಪ್‌ಟಾಪಿಗೂ ಅದೇ ನ್ಯಾಯ. ಜೀವ ಇದ್ದಾಗ ಬಿಚ್ಚಬೇಡ, ಸತ್ತ ಮೇಲೆ ನೀನೇ ಒಡಿ!

ರಿಪೇರಿ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು. ನಮ್ಮ ರಾಜ್ಯದಲ್ಲಿ 2013ರಿಂದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಆ ಹಣ ಯಾರದೋ ಭಿಕ್ಷೆಯಲ್ಲ, ನಮ್ಮ ಪಾಲು. ಹಾಗಾಗಿ ಆ ಹಣದಲ್ಲಿ ಕೊಳ್ಳುವ ಪ್ರತಿ ಲ್ಯಾಪ್‌ಟಾಪಿಗೂ ನಾವು ಷರತ್ತು ಹಾಕಬೇಕು. ಬಿಚ್ಚಿ ಬದಲಿಸಬಹುದಾದ ರ‍್ಯಾಮ್, ಸ್ಟೋರೇಜ್, ಬ್ಯಾಟರಿ ಇರಲಿ. ಕನ್ನಡದಲ್ಲಿ ರಿಪೇರಿ ಕೈಪಿಡಿ ಇರಲಿ. ಐದು ವರ್ಷ ಬಿಡಿಭಾಗ ಸಿಗಲಿ. ಪ್ರತಿ ಹಾಸ್ಟೆಲಿನಲ್ಲಿ ಒಂದು ರಿಪೇರಿ ಮೇಜು, ಕಲಿಸೋಕೆ ಒಬ್ಬರು ಸಂಬಳದ ಮೇಲೆ ಇರಲಿ.

ನಿಮ್ಮೂರಿನ ಹಾಸ್ಟೆಲಿಗೆ ಈ ವಾರ ಹೋಗಿ ಬನ್ನಿ. ಎಷ್ಟು ಲ್ಯಾಪ್‌ಟಾಪ್ ಕೆಟ್ಟಿವೆ, ಏನಾಗಿ ಕೆಟ್ಟಿವೆ ಅಂತ ಬರೆದು ಜಿಲ್ಲಾ ಸಮಾಜ ಕಲ್ಯಾಣ ಅಧಿಕಾರಿಗೆ ಲಿಖಿತವಾಗಿ ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳೋದು ಮರೀಬೇಡಿ.

ಜೈ ಭೀಮ್.