ತಪ್ಪು ಲೆಕ್ಕಕ್ಕೂ ಬೆಲೆಯುಂಟು

ಅಂತರ್ಜಾಲದ ಮೂಲಕ ಗಣಿತವನ್ನು ಕಲಿಸುವ ತಂತ್ರಾಂಶಗಳು ಈಗ ಹಲವು ಶಾಲಾ ಕಾಲೇಜುಗಳಲ್ಲಿ ಬಳಕೆಗೆ ಬಂದಿವೆ. ಉಪಾಧ್ಯಾಯರು ಒಂದು ತರಗತಿಯನ್ನು ತೆರೆಯುತ್ತಾರೆ. ತಂತ್ರಾಂಶವು ಅದಕ್ಕೊಂದು ಸಂಕೇತವನ್ನು ಕೊಡುತ್ತದೆ. ವಿದ್ಯಾರ್ಥಿಗಳು ಆ ಸಂಕೇತದಿಂದ ತಮ್ಮ ತಮ್ಮ ಖಾತೆಗಳ ಮೂಲಕ ತರಗತಿಯನ್ನು ಸೇರುತ್ತಾರೆ. ಯಾರು ಯಾವ ಲೆಕ್ಕವನ್ನು ಮಾಡಿದರು, ಎಲ್ಲಿ ಎಡವಿದರು ಎಂಬುದೆಲ್ಲ ಉಪಾಧ್ಯಾಯರಿಗೆ ತಿಳಿಯುತ್ತದೆ. ಇದನ್ನು ಕೇವಲ ಹಾಜರಿ ಪುಸ್ತಕದ ಹೊಸ ರೂಪವೆಂದು ಭಾವಿಸಿ, ಒಬ್ಬರ ಖಾತೆಯಲ್ಲಿ ಮತ್ತೊಬ್ಬರು ಲೆಕ್ಕ ಮಾಡಿದರೆ ಬಾಧಕವೇನು ಎಂದು ಕೇಳುವವರುಂಟು. ಬಾಧಕ ದೊಡ್ಡದೇ ಎಂಬುದು ನನ್ನ ಅಭಿಪ್ರಾಯ.

ಯಂತ್ರದಿಂದ ಪಾಠ ಹೇಳಿಸುವ ಯೋಚನೆ ಹೊಸದಲ್ಲ. ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಷ್ಟು ಹಿಂದೆಯೇ 'ಪ್ಲೇಟೊ' ಎಂಬ ಗಣಕ ಬೋಧನಾ ವ್ಯವಸ್ಥೆ ಆರಂಭವಾಯಿತು. ಆದರೆ ವಿದ್ಯಾರ್ಥಿಗೆ ವಿಷಯವು ನಿಜವಾಗಿ ತಿಳಿದಿದೆಯೆ ಎಂಬುದನ್ನು ಯಂತ್ರವು ಅರಿಯುವುದು ಹೇಗೆ? ಕಾರ್ಬೆಟ್ ಮತ್ತು ಆ್ಯಂಡರ್ಸನ್ ಎಂಬ ಸಂಶೋಧಕರು 1995ರಲ್ಲಿ ಪ್ರಕಟಿಸಿದ ವಿಧಾನವು ಇದಕ್ಕೆ ಒಂದು ಪ್ರಸಿದ್ಧ ಉತ್ತರ. ಅದರ ತಿರುಳನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ.

ನೂರು ಮಂದಿ ವಿದ್ಯಾರ್ಥಿಗಳಲ್ಲಿ 50 ಮಂದಿಗೆ ಭಿನ್ನರಾಶಿಗಳ ಸಂಕಲನ ತಿಳಿದಿದೆ, ಉಳಿದ 50 ಮಂದಿಗೆ ತಿಳಿದಿಲ್ಲ ಎಂದಿಟ್ಟುಕೊಳ್ಳಿ. ತಿಳಿದವರಲ್ಲಿಯೂ 5 ಮಂದಿ ಅಜಾಗರೂಕತೆಯಿಂದ ತಪ್ಪುತ್ತಾರೆ. ತಿಳಿಯದವರಲ್ಲಿಯೂ 10 ಮಂದಿ ಊಹೆಯಿಂದ ಸರಿಯುತ್ತರ ಕೊಡುತ್ತಾರೆ. ಹಾಗಾದರೆ ಸರಿಯುತ್ತರ ಕೊಟ್ಟ 55 ಮಂದಿಯಲ್ಲಿ 45 ಮಂದಿ ನಿಜವಾಗಿ ಬಲ್ಲವರು. ಎಂದರೆ ಸುಮಾರು ಶೇಕಡ 82. ತಪ್ಪಿದ 45 ಮಂದಿಯಲ್ಲಿ ಬಲ್ಲವರು 5 ಮಂದಿ ಮಾತ್ರ; ಶೇಕಡ 11. ಒಂದೇ ಒಂದು ಉತ್ತರದಿಂದ ಯಂತ್ರದ ಅಂದಾಜು 50ರಿಂದ 82ಕ್ಕೆ ಏರಬಹುದು, ಇಲ್ಲವೆ 11ಕ್ಕೆ ಇಳಿಯಬಹುದು!

ಮುಂದೆ ಯಾವ ಲೆಕ್ಕವನ್ನು ಕೊಡಬೇಕೆಂಬುದು ಈ ಅಂದಾಜನ್ನೇ ಅವಲಂಬಿಸಿದೆ. ಗೆಳೆಯನು ನಿಮ್ಮ ಖಾತೆಯಲ್ಲಿ ಮೂರು ಲೆಕ್ಕಗಳನ್ನು ಬಿಡಿಸಿಕೊಟ್ಟರೆ, ನಿಮಗೆ ಅತ್ಯಗತ್ಯವಾಗಿದ್ದ ಅಭ್ಯಾಸವೇ ತಪ್ಪಿಹೋಗುತ್ತದೆ. ಜ್ವರ ಬಂದವನ ಉಷ್ಣಮಾಪಕವನ್ನು ಪಕ್ಕದವನ ಬಾಯಿಯಲ್ಲಿಟ್ಟು ನೋಡಿದಂತಾಯಿತು. ಉಷ್ಣಮಾಪಕದಲ್ಲಿ ದೋಷವಿಲ್ಲ; ರೋಗಿಗೆ ಮಾತ್ರ ಔಷಧ ಸಿಗಲಿಲ್ಲ.

ಆದರೆ ಇದಕ್ಕೆ ವಿದ್ಯಾರ್ಥಿಗಳನ್ನಷ್ಟೇ ಹೊಣೆಮಾಡುವುದು ನ್ಯಾಯವಲ್ಲ. ಅಭ್ಯಾಸದ ಅಂಕಗಳನ್ನು ಎಲ್ಲರೆದುರು ಓದಿ ಹೇಳಿ, ಹಿಂದುಳಿದವರನ್ನು ಎದ್ದು ನಿಲ್ಲಿಸುವ ತರಗತಿಯಲ್ಲಿ ಪರರ ಉತ್ತರಕ್ಕೆ ಕೈಯೊಡ್ಡದವರು ವಿರಳ. ಅವಮಾನದ ಭಯವಿರುವಲ್ಲಿ ಸತ್ಯವಾದ ಮಾಪನ ಸಾಧ್ಯವಿಲ್ಲ. ಆದುದರಿಂದ ಅಭ್ಯಾಸದ ಲೆಕ್ಕಗಳ ಫಲಿತಾಂಶವನ್ನು ಪರೀಕ್ಷೆಯ ಅಂಕಗಳಿಗೆ ಸೇರಿಸಕೂಡದು. ಅದು ಉಪಾಧ್ಯಾಯರಿಗೂ ಆಯಾ ವಿದ್ಯಾರ್ಥಿಗೂ ಮಾತ್ರ ತಿಳಿದಿರತಕ್ಕದ್ದು. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ, ಪ್ರತ್ಯೇಕ ಗುಪ್ತಪದ ಇರಲಿ. ಮನೆಯಲ್ಲಿ ಅಣ್ಣತಂಗಿಯರಿಗೆ ಒಂದೇ ಫೋನ್ ಇದ್ದರೂ ಖಾತೆಗಳು ಎರಡಿರಲಿ. ವರ್ಷಾಂತ್ಯದಲ್ಲಿ ಹಳೆಯ ತರಗತಿಯನ್ನು ಮುಚ್ಚುವುದನ್ನೂ ಉಪಾಧ್ಯಾಯರು ಮರೆಯಬಾರದು. ಹೋದ ವರ್ಷದ ತಪ್ಪುಗಳು ಯಾರನ್ನೂ ಬೆನ್ನಟ್ಟಬೇಕಾಗಿಲ್ಲ.

ವಿದ್ಯಾರ್ಥಿಗಳೇ, ಖಾತೆಯಲ್ಲಿ ಮೂಡುವ ತಪ್ಪು ಗುರುತು ನಿಮ್ಮ ಬುದ್ಧಿಶಕ್ತಿಯ ಮೇಲಿನ ತೀರ್ಪಲ್ಲ. ಮುಂದಿನ ಪಾಠ ಎಲ್ಲಿಂದ ಪ್ರಾರಂಭವಾಗಬೇಕೆಂಬುದರ ಸೂಚನೆ. ಆ ಸೂಚನೆಯನ್ನು ಎರವಲು ಉತ್ತರದಿಂದ ಅಳಿಸಿಹಾಕಬೇಡಿ.