ಡಾಕ್ಟರರ ಅಡುಗೆಮನೆ: ಸಿಗಡಿ, ಸೊಪ್ಪು, ನಿಂಬೆಯ ಒಂದು ಬಟ್ಟಲು

ಕಳೆದ ಯುಗಾದಿ ಸಂಚಿಕೆಯ ಈ ಅಂಕಣದಲ್ಲಿ ರಾಗಿಯ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಕರಾವಳಿಯ ಮಿತ್ರರೊಬ್ಬರು, "ಡಾಕ್ಟ್ರೇ, ಮುದ್ದೆ ಆಯ್ತು. ಮೀನು ತಿನ್ನುವವರಿಗೂ ಏನಾದರೂ ಬರೀರಿ ಮಾರಾಯ್ರೇ" ಎಂದು ತಗಾದೆ ಮಾಡಿದರು. ನಾನೂ ಕುಂದಾಪುರದ ಕಡೆಯವನೇ ಆದ್ದರಿಂದ ಹೆಚ್ಚು ಒತ್ತಾಯ ಬೇಕಾಗಲಿಲ್ಲ! ಸಸ್ಯಾಹಾರಿ ಮಿತ್ರರು ದಯವಿಟ್ಟು ಪುಟ ತಿರುಗಿಸಬೇಡಿ. ಸಿಗಡಿ ಇದ್ದ ಕಡೆ ಪನೀರ್ ಅಥವಾ ಟೋಫು ಎಂದು ಓದಿಕೊಂಡರೆ ಮುಕ್ಕಾಲು ಭಾಗ ನಿಮಗೂ ಅನ್ವಯಿಸುತ್ತದೆ. ಹಣ್ಣಿನ ವಿಷಯವಂತೂ ಎಲ್ಲರಿಗೂ ಸೇರಿದ್ದು.

ನಮ್ಮ ಹ್ಯೂಸ್ಟನ್‌ನಲ್ಲಿ ಈಗ ಯಾವ ರಸ್ತೆಗೆ ಹೋದರೂ "ರೈಸ್ ಬೋಲ್" ಮಾರುವ ಅಂಗಡಿಗಳು. ಒಂದು ಬಟ್ಟಲು ಅನ್ನ, ಅದರ ಮೇಲೆ ಸಿಗಡಿ ಅಥವಾ ಮೀನು, ಹಸಿ ತರಕಾರಿ, ಕೈತುಂಬ ಸೊಪ್ಪು, ಕೊನೆಗೆ ನಿಂಬೆಯ ಹುಳಿ. ಕಾಲೇಜು ಮಕ್ಕಳು ಇದಕ್ಕೆ ಹದಿನೈದು ಡಾಲರ್ ಕೊಟ್ಟು ಬರುತ್ತಾರೆ. ನೋಡಿದರೆ ನಮ್ಮ ಚಿತ್ರಾನ್ನದ ದೂರದ ದಾಯಾದಿಯೇ. ಅನ್ನ, ನಿಂಬೆ, ಕೊತ್ತಂಬರಿ, ಹಸಿಮೆಣಸು, ಕಡಲೆಕಾಯಿ ಎಲ್ಲ ನಮ್ಮ ಪರಿಚಯದವೇ. ಮನೆಯಲ್ಲಿ ಮುಕ್ಕಾಲು ಗಂಟೆಯಲ್ಲಿ ಮಾಡಬಹುದು. ಐವತ್ತು ದಾಟಿದ ನಮ್ಮಂಥವರ ಹೃದಯಕ್ಕೂ ಒಳ್ಳೆಯದು. ಆದರೆ ಒಂದು ಮಾತು ತಿಳಿದಿರಬೇಕು: ನಿಂಬೆಹಣ್ಣು ಉಪ್ಪಿನ ಜಾಗದಲ್ಲಿ ನಿಲ್ಲಬಲ್ಲದು, ಬೆಂಕಿಯ ಜಾಗದಲ್ಲಿ ನಿಲ್ಲಲಾರದು. ಈ ಸಲದ ಬರಹದ ತಿರುಳು ಇಷ್ಟೇ.

ಸಿಗಡಿ ಮತ್ತು ಕೊಲೆಸ್ಟೆರಾಲ್

ಕುಂದಾಪುರದಲ್ಲಿ ಚಟ್ಲಿ, ತುಳುವಿನಲ್ಲಿ ಎಟ್ಟಿ, ಕಾರವಾರದ ಕಡೆ ಸುಂಗಟ. ಹೆಸರು ಯಾವುದಾದರೂ ಕ್ಲಿನಿಕ್ಕಿನಲ್ಲಿ ಕೇಳುವ ಪ್ರಶ್ನೆ ಒಂದೇ: "ಸಿಗಡಿಯಲ್ಲಿ ಕೊಲೆಸ್ಟೆರಾಲ್ ಜಾಸ್ತಿ ಅಲ್ವಾ?" ಹೌದು, ಬೆಂದ 100 ಗ್ರಾಂ ಸಿಗಡಿಯಲ್ಲಿ ಸುಮಾರು 190 ಮಿಲಿಗ್ರಾಂ ಇರುತ್ತದೆ, ಹೆಚ್ಚುಕಡಿಮೆ ಒಂದು ಮೊಟ್ಟೆಯಷ್ಟು. ಆದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟೆರಾಲನ್ನು ಹೆಚ್ಚು ಏರಿಸುವುದು ಆಹಾರದಲ್ಲಿರುವ ಸ್ಯಾಚುರೇಟೆಡ್ ಕೊಬ್ಬು. ಸಿಗಡಿಯಲ್ಲಿ ಅದು 100 ಗ್ರಾಂಗೆ ಒಂದು ಗ್ರಾಮೂ ಇಲ್ಲ. ಅಮೆರಿಕದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು 2015ರ ಆವೃತ್ತಿಯಲ್ಲೇ ಕೈಬಿಟ್ಟಿತು. ತೊಂದರೆ ಇರುವುದು ಸಿಗಡಿಗಿಂತ ಅದರ ಜೊತೆಗಾರರಲ್ಲಿ. ನಮ್ಮೂರಿನ ಘೀ ರೋಸ್ಟ್ ನೆನಪಾದರೆ ನನಗೂ ಬಾಯಲ್ಲಿ ನೀರೂರುತ್ತದೆ, ಆದರೆ ಅಲ್ಲಿ ಹೃದಯಕ್ಕೆ ಕಷ್ಟ ಕೊಡುವುದು ತುಪ್ಪ!

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಬೆಂದ ಮೂರು ಔನ್ಸ್, ಅಂದರೆ ಸುಮಾರು 85 ಗ್ರಾಂ ಮೀನು ತಿನ್ನಿ ಎನ್ನುತ್ತದೆ, ಅದರಲ್ಲೂ ಒಮೆಗಾ-3 ಹೆಚ್ಚಿರುವ ಕೊಬ್ಬಿನ ಮೀನು. ಸಿಗಡಿಯಲ್ಲಿ ಒಮೆಗಾ-3 ಕಡಿಮೆ. ಆದ್ದರಿಂದ ಒಂದು ವಾರ ಸಿಗಡಿ ಹಾಕಿದರೆ ಮುಂದಿನ ವಾರ ಇದೇ ಬಟ್ಟಲಿಗೆ ಸಾಲ್ಮನ್ ಹಾಕಿ. ಸಾಲ್ಮನ್ನಿಗೆ ನಮ್ಮ ಸಬ್ಬಸಿಗೆ ಸೊಪ್ಪು ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನು ಮಾಡಿಯೇ ನೋಡಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು ಪಾದರಸ ಹೆಚ್ಚಿರುವ ಶಾರ್ಕ್, ಸ್ವೋರ್ಡ್‌ಫಿಶ್, ಕಿಂಗ್ ಮ್ಯಾಕೆರೆಲ್, ಮೆಕ್ಸಿಕೋ ಕೊಲ್ಲಿಯ ಟೈಲ್‌ಫಿಶ್ ತಿನ್ನಬಾರದು. ಸಿಗಡಿ, ಸಾಲ್ಮನ್, ಸಾರ್ಡೀನ್ ಪಾದರಸ ಕಡಿಮೆ ಇರುವ ಪಟ್ಟಿಯಲ್ಲಿವೆ.

ಉಪ್ಪಿನ ಲೆಕ್ಕ

ನಮ್ಮ ಜನರ ರಕ್ತದೊತ್ತಡ ನೋಡಿ ನೋಡಿ ನನಗೆ ಉಪ್ಪಿನ ಡಬ್ಬಿಯ ಮೇಲೇ ಅನುಮಾನ ಹುಟ್ಟಿಬಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಎನ್ನುತ್ತದೆ. ಅದು ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಅದರಲ್ಲಿರುವ ಸೋಡಿಯಂ 2000 ಮಿಲಿಗ್ರಾಂ. ಹೋಟೆಲಿನ ಬಟ್ಟಲಿಗೆ ಸುರಿಯುವ ಸೋಯಾ ಸಾಸ್ ಒಂದು ದೊಡ್ಡ ಚಮಚಕ್ಕೆ ಸುಮಾರು 900 ಮಿಲಿಗ್ರಾಂ ಸೋಡಿಯಂ ಹೊತ್ತು ತರುತ್ತದೆ. ಎರಡು ಚಮಚಕ್ಕೆ ದಿನದ ಕೋಟಾ ಬಹುತೇಕ ಮುಗಿಯಿತು. ರಾತ್ರಿಯ ಸಾರು, ಉಪ್ಪಿನಕಾಯಿ, ಹಪ್ಪಳ ಇನ್ನೂ ಬಾಕಿ ಇವೆ!

ಇಲ್ಲಿ ನಿಂಬೆ ನಮ್ಮ ಕೈ ಹಿಡಿಯುತ್ತದೆ. ಹುಳಿ ಇದ್ದರೆ ನಾಲಿಗೆಗೆ ಸ್ವಲ್ಪ ಉಪ್ಪೂ ಹೆಚ್ಚಾಗಿ ತೋರುತ್ತದೆ. ಸೊಪ್ಪಿನ ಪರಿಮಳ, ಸಿಪ್ಪೆಯ ಎಣ್ಣೆಯ ಘಮ ಸೇರಿದರೆ ಸಪ್ಪೆ ಎಂಬ ದೂರೇ ಬರುವುದಿಲ್ಲ. ಮೀನಿನ ಜೊತೆ ಹುಳಿ ಸೇರಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೀನಿನ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೈನ್ ಎಂಬ ಕ್ಷಾರ. ಆಮ್ಲ ಸೇರಿದಾಗ ಅದು ಉಪ್ಪಿನ ರೂಪ ತಾಳಿ ಗಾಳಿಗೆ ಏಳುವುದನ್ನು ನಿಲ್ಲಿಸುತ್ತದೆ. ನಮ್ಮ ಹಿರಿಯರಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಹುಣಸೆ, ಪುನರ್ಪುಳಿ, ಬಿಂಬುಳಿ ಇಲ್ಲದೆ ಅವರು ಮೀನು ಸಾರು ಮಾಡುತ್ತಿರಲಿಲ್ಲ.

ಅಂಗಡಿಯಲ್ಲಿ ಒಂದು ಎಚ್ಚರಿಕೆ. ಫ್ರೋಜನ್ ಸಿಗಡಿಯ ಪ್ಯಾಕೆಟ್ಟಿನ ಹಿಂಭಾಗ ಓದಿ. ಸೋಡಿಯಂ ಟ್ರೈಪಾಲಿಫಾಸ್ಫೇಟ್ ಎಂದಿದ್ದರೆ ಸಿಗಡಿ ನೀರು ಹಿಡಿದುಕೊಳ್ಳಲೆಂದು ಅದನ್ನು ಸೇರಿಸಿದ್ದಾರೆ ಎಂದರ್ಥ. ಹಾಗೆ ಮಾಡಿದಾಗ ನಾವು ಉಪ್ಪು ಹಾಕುವ ಮೊದಲೇ ಸೋಡಿಯಂ ಏರಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಸಿಗಡಿ ಒಂದೇ ಇರುವ ಪ್ಯಾಕೆಟ್ ಆರಿಸಿ. ಕೀಮಾ, ಸೀಬ್ರೂಕ್ ಕಡೆ ಹೋಗುವವರಿಗೆ ಗಾಲ್ವೆಸ್ಟನ್ ಕೊಲ್ಲಿಯ ದಡದ ಮೀನಂಗಡಿಗಳಲ್ಲೇ ತಾಜಾ ಸಿಗಡಿ ಸಿಗುತ್ತದೆ. ಐಸ್ ಪೆಟ್ಟಿಗೆ ಜೊತೆಯಲ್ಲಿರಲಿ.

ನಿಂಬೆ ಬೆಂಕಿಯಲ್ಲ

ಇಲ್ಲಿನ ಮೆಕ್ಸಿಕನ್ ಹೋಟೆಲುಗಳಲ್ಲಿ "ಸೆವಿಚೆ" ಸಿಗುತ್ತದೆ. ಹಸಿ ಮೀನನ್ನು ನಿಂಬೆರಸದಲ್ಲಿ ನೆನೆಸಿ ಕೊಡುವ ತಿನಿಸು. ಪೆರುವಿನವರಿಗೆ ಇದು ರಾಷ್ಟ್ರೀಯ ಹೆಮ್ಮೆ, 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಇದನ್ನು ನೋಡಿದವರು ನನ್ನನ್ನು ಕೇಳುತ್ತಾರೆ, "ನಿಂಬೆರಸದಲ್ಲೇ ಬೇಯುತ್ತಂತಲ್ಲ ಡಾಕ್ಟ್ರೇ, ಒಲೆ ಯಾಕೆ?"

ಬೇಯುವುದಿಲ್ಲ. ಆಮ್ಲ ತಾಗಿದಾಗ ಮಾಂಸದ ಪ್ರೋಟೀನು ಹೆಪ್ಪುಗಟ್ಟಿ ಬೆಳ್ಳಗಾಗುತ್ತದೆ, ಹಾಲು ಒಡೆದಂತೆ. ಕಣ್ಣಿಗೆ ಬೆಂದಂತೆ ಕಾಣುತ್ತದೆ. ಒಳಗಿನ ರೋಗಾಣುಗಳೆಲ್ಲ ಸತ್ತಿವೆ ಎಂದು ಅದರಿಂದ ಹೇಳಲಾಗದು. ಸಮುದ್ರದ ಮೀನಿನಲ್ಲಿ ಅನಿಸಾಕಿಸ್ ಎಂಬ ಹುಳು ಇರಬಹುದು. ನಿಂಬೆರಸ ಅದನ್ನು ಕೊಲ್ಲುವುದಿಲ್ಲ. ಹಸಿಯಾಗಿ ತಿನ್ನುವ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳು ದಿನ ಇಡಬೇಕೆಂಬ ನಿಯಮ ಇರುವುದು ಈ ಹುಳುವಿನಂಥ ಪರೋಪಜೀವಿಗಳಿಗಾಗಿ. ಎಲ್ಲ ಮನೆಯ ಫ್ರೀಜರ್‌ಗಳೂ ಅಷ್ಟು ತಣ್ಣಗಿರುವುದಿಲ್ಲ, ಬ್ಯಾಕ್ಟೀರಿಯಾ ಅದಕ್ಕೂ ಬಗ್ಗುವುದಿಲ್ಲ.

ನಮ್ಮ ಮೆಕ್ಸಿಕೋ ಕೊಲ್ಲಿಯಂಥ ಬೆಚ್ಚನೆಯ ನೀರಿನಲ್ಲಿ ವಿಬ್ರಿಯೋ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಹಸಿ ಸಿಂಪಿಯಿಂದ ಅಥವಾ ಗಾಯದ ಮೂಲಕ ಮೈಗೆ ಸೇರುತ್ತದೆ. ಈ ಸೋಂಕು ಅಪರೂಪ, ಆದರೆ ತಗಲಿದವರಲ್ಲಿ ಐವರಿಗೆ ಒಬ್ಬರು ಸಾಯುತ್ತಾರೆ, ಕೆಲವರು ಒಂದೆರಡು ದಿನದೊಳಗೇ. ಲಿವರ್ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರಿಗೆ, ಪ್ರತಿರೋಧ ಶಕ್ತಿ ಕುಗ್ಗಿಸುವ ಮಾತ್ರೆ ತಿನ್ನುವವರಿಗೆ ಅಪಾಯ ಹೆಚ್ಚು. ನಮ್ಮ ಜನರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಮನೆಗಳಲ್ಲಿದೆ ಎಂದು ನಾನು ಹೇಳಬೇಕಾಗಿಲ್ಲ. ಆದ್ದರಿಂದ ಅಂಥವರು ಹಸಿ ಸಿಂಪಿ, ಹಸಿ ಸಿಗಡಿ ಮುಟ್ಟಬೇಡಿ. ಕೈಯಲ್ಲಿ ಗಾಯವಿದ್ದರೆ ಸಿಗಡಿ ಬಿಡಿಸುವಾಗ ಗ್ಲೋವ್ಸ್ ಹಾಕಿಕೊಳ್ಳಿ. ಬೆಂಕಿಯ ಮುಂದೆ ಈ ಶತ್ರುಗಳ ಆಟ ನಡೆಯುವುದಿಲ್ಲ. ಒಳಗಿನ ಶಾಖ 63 ಡಿಗ್ರಿ ಸೆಲ್ಸಿಯಸ್, ಅಂದರೆ 145 ಫ್ಯಾರನ್‌ಹೀಟ್ ಮುಟ್ಟಿದರೆ ಸಾಕು.

ಯಾವ ಹಣ್ಣು?

ನಿಂಬೆ, ಲೆಮನ್, ಸಿಹಿ ಕಿತ್ತಳೆ ಈ ಬಟ್ಟಲಿಗೆ ಒಪ್ಪುತ್ತವೆ. ನಮ್ಮ ಕಡೆಯ ಹೇರಳೆಕಾಯಿ ಸಿಗುವಂತಿದ್ದರೆ ಇನ್ನೇನು ಬೇಕಿತ್ತು! ಆದರೆ ಕೆಂಪು ಗ್ರೇಪ್‌ಫ್ರೂಟ್ ವಿಷಯ ಬೇರೆ. 1993ರಿಂದ ಟೆಕ್ಸಸ್ಸಿನ ರಾಜ್ಯಹಣ್ಣು ಅದು. ರಿಯೋ ಗ್ರಾಂಡೆ ಕಣಿವೆಯ ಬೆಳೆ ದೀಪಾವಳಿಯ ಹೊತ್ತಿಗೆ ಮಾರುಕಟ್ಟೆಗೆ ಬರತೊಡಗುತ್ತದೆ. ಹೋಟೆಲಿನವರು ಬಟ್ಟಲ ಮೇಲೆ ಅದರ ತೊಳೆಗಳನ್ನೂ ಜೋಡಿಸುತ್ತಾರೆ.

ಮಗಳ ಮನೆಗೆಂದು ಬೆಂಗಳೂರಿನಿಂದ ಬಂದಿದ್ದ ಹಿರಿಯರೊಬ್ಬರು ತೊಡೆನೋವೆಂದು ನನ್ನ ಬಳಿ ಬಂದರು. ವಾಕಿಂಗ್ ಜಾಸ್ತಿ ಆಯಿತೇನೋ ಎಂದು ಮಗಳ ಅನುಮಾನ. ರಕ್ತದಲ್ಲಿ ಸ್ನಾಯುವಿನ ಕಿಣ್ವ ಏರಿತ್ತು. ಊರಿನಿಂದ ತಂದ ಮಾತ್ರೆಗಳಲ್ಲಿ ಸಿಮ್ವಾಸ್ಟಾಟಿನ್ ಇತ್ತು. "ಇಲ್ಲಿಗೆ ಬಂದ ಮೇಲೆ ಹೊಸದಾಗಿ ಏನು ತಿನ್ತಿದ್ದೀರಿ?" ಎಂದೆ. "ಹೊಸದೇನಿಲ್ಲ ಡಾಕ್ಟ್ರೇ, ನಮ್ಮ ಚಕ್ಕೋತದ ಥರ ಒಂದು ಕೆಂಪು ಹಣ್ಣು ಸಿಗತ್ತಲ್ಲ, ದಿನಾ ಬೆಳಿಗ್ಗೆ ಒಂದು ದೊಡ್ಡ ಲೋಟ ರಸ" ಎಂದರು. ರಸ ನಿಲ್ಲಿಸಿ ಮಾತ್ರೆ ಬದಲಿಸಿದ ಮೇಲೆ ಕೆಲವೇ ವಾರಗಳಲ್ಲಿ ನೋವು ಹೋಯಿತು. "ಹಣ್ಣು ತಿಂದ್ರೂ ತಪ್ಪಾ ಸ್ವಾಮಿ!" ಎಂದು ಅವರು ಕೇಳಿದ್ದು ನ್ಯಾಯವೇ.

ನಮ್ಮ ಕರುಳಿನ ಗೋಡೆಯಲ್ಲಿ ಕೆಲವು ಔಷಧಿಗಳನ್ನು ಒಡೆದುಹಾಕುವ ಕಿಣ್ವವೊಂದಿದೆ. ಗ್ರೇಪ್‌ಫ್ರೂಟ್ ಅದನ್ನು ಕಟ್ಟಿಹಾಕುತ್ತದೆ. ಆಗ ಒಂದು ಮಾತ್ರೆ ನುಂಗಿದರೂ ಹಲವು ಮಾತ್ರೆ ನುಂಗಿದಂತೆ. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಮದ್ಯದ ರುಚಿ ಮುಚ್ಚಲೆಂದು ಒಂದು ಪ್ರಯೋಗದಲ್ಲಿ ಈ ರಸ ಬಳಸಿದಾಗ ಆಕಸ್ಮಿಕವಾಗಿ ಬೆಳಕಿಗೆ ಬಂದ ಸಂಗತಿ ಇದು. 1991ರಲ್ಲಿ ಅವರ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದರೂ ಸಾಲದು, ಪರಿಣಾಮ ಒಂದು ದಿನಕ್ಕೂ ಮೀರಿ ಉಳಿಯುತ್ತದೆ. ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್, ಫೆಲೋಡಿಪಿನ್, ನಿಫೆಡಿಪಿನ್, ಸೈಕ್ಲೋಸ್ಪೊರಿನ್ ತೆಗೆದುಕೊಳ್ಳುವವರು ನಿಮ್ಮ ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳದೆ ಗ್ರೇಪ್‌ಫ್ರೂಟ್, ಚಕ್ಕೋತ, ಕಹಿ ಕಿತ್ತಳೆ ತಿನ್ನಬೇಡಿ. ಅಡುಗೆಗೆ ಹಿಂಡುವ ಒಂದೆರಡು ಚಮಚ ನಿಂಬೆರಸಕ್ಕೆ ನಾವು ಬೇಡ ಎನ್ನುವುದಿಲ್ಲ. ಭಾರತದಿಂದ ಬರುವ ಅಪ್ಪ ಅಮ್ಮಂದಿರಿಗೆ ಈ ಮಾತು ತಪ್ಪದೆ ಹೇಳಿ.

ಮಾಡುವ ವಿಧಾನ (ನಾಲ್ವರಿಗೆ)

ಬೇಕಾಗುವ ಸಾಮಾನು: ಸಿಪ್ಪೆ ಬಿಡಿಸಿ ಬೆನ್ನಿನ ಕಪ್ಪು ಗೆರೆ ತೆಗೆದ ಸಿಗಡಿ ಒಂದು ಪೌಂಡ್, ಅಕ್ಕಿ ಒಂದು ಕಪ್, ನಿಂಬೆ ಮೂರು, ಕಿತ್ತಳೆ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು, ಶುಂಠಿ ಒಂದು ಇಂಚು, ಹಸಿಮೆಣಸು ಎರಡು, ಎಣ್ಣೆ ಎರಡು ದೊಡ್ಡ ಚಮಚ, ಕಾಳುಮೆಣಸಿನ ಪುಡಿ, ಚಿಟಿಕೆ ಅರಿಶಿನ, ಅರ್ಧ ಟೀ ಚಮಚ ಉಪ್ಪು. ಸೌತೆಕಾಯಿ, ಕ್ಯಾರೆಟ್, ಎಲೆಕೋಸು ಸೇರಿ ನಾಲ್ಕು ಕಪ್. ಕೊತ್ತಂಬರಿ, ಪುದೀನ, ಸಬ್ಬಸಿಗೆ ಸೇರಿ ಒಂದು ದೊಡ್ಡ ಕಪ್. ಬೆಲ್ಏರ್ ಬುಲೆವಾರ್ಡ್‌ನ ವಿಯೆಟ್ನಾಮೀಸ್ ಅಂಗಡಿಗಳಲ್ಲಿ ಥಾಯ್ ತುಳಸಿ ಸಿಕ್ಕರೆ ಅದೂ ಇರಲಿ. ಹುರಿದ ಕಡಲೆಕಾಯಿ ಎರಡು ಚಮಚ.

1. ಫ್ರೋಜನ್ ಸಿಗಡಿಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನೊಳಗಿಟ್ಟು ಕರಗಿಸಿ. ಅಡುಗೆಕಟ್ಟೆಯ ಮೇಲೆ ಬೇಡ.

2. ಅಕ್ಕಿ ಬೇಯಲು ಇಡಿ. ಬ್ರೌನ್ ರೈಸ್ ಆದರೆ ಒಳ್ಳೆಯದು. ನಾನು ಇಂಡಿಯನ್ ಸ್ಟೋರಿನ ಕುಚ್ಚಲಕ್ಕಿಯನ್ನೇ ಹಾಕುತ್ತೇನೆ. ಬೆಂದ ಮೇಲೆ ಒಬ್ಬರಿಗೆ ಮುಕ್ಕಾಲು ಕಪ್ ಅನ್ನ. "ಇಷ್ಟೇನಾ?" ಎಂದು ಕೇಳಬೇಡಿ, ಬಟ್ಟಲು ತುಂಬಿಸುವ ಕೆಲಸ ತರಕಾರಿಯದು.

3. ಕಿತ್ತಳೆ, ನಿಂಬೆಯ ಸಿಪ್ಪೆಯ ಮೇಲ್ಪದರವನ್ನಷ್ಟೇ ತುರಿದಿಡಿ. ಒಳಗಿನ ಬಿಳಿ ಭಾಗ ಕಹಿ. ಆಮೇಲೆ ರಸ ಹಿಂಡಿಕೊಳ್ಳಿ.

4. ಸಿಗಡಿಯನ್ನು ಒರೆಸಿ, ಅರ್ಧ ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು, ಅರಿಶಿನ, ಅರ್ಧ ತುರಿ, ಅರ್ಧ ಉಪ್ಪು ಸವರಿ ಹದಿನೈದು ನಿಮಿಷ ಫ್ರಿಜ್ಜಿನಲ್ಲಿಡಿ. ಈಗ ರಸ ಹಾಕಬೇಡಿ, ಸಿಗಡಿ ರಬ್ಬರಿನಂತಾಗುತ್ತದೆ.

5. ಮೂರು ಚಮಚ ನಿಂಬೆರಸ, ಎರಡು ಚಮಚ ಕಿತ್ತಳೆರಸ, ಉಳಿದ ತುರಿ, ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು, ಒಂದು ಚಮಚ ಎಣ್ಣೆ, ಚೂರು ಬೆಲ್ಲ ಸೇರಿಸಿ ಕಲಕಿ. ಹಸಿ ಸಿಗಡಿ ಮುಟ್ಟಿದ ಪಾತ್ರೆ, ಚಮಚ ಇದಕ್ಕೆ ತಾಗಬಾರದು.

6. ಬಾಣಲೆ ಚೆನ್ನಾಗಿ ಕಾಯಲಿ. ಉಳಿದ ಎಣ್ಣೆ ಹಾಕಿ, ಸಿಗಡಿಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಒಂದೊಂದು ಮಗ್ಗುಲು ಎರಡು ನಿಮಿಷ ಬೇಯಿಸಿ. ಬಣ್ಣ ಮಾತ್ರ ನೋಡಿ ಇಳಿಸಬೇಡಿ. ದಪ್ಪದ್ದೊಂದನ್ನು ಕತ್ತರಿಸಿ ನೋಡಿ, ನಡುವೆ ಗಾಜಿನಂಥ ಭಾಗ ಉಳಿದಿರಬಾರದು. ಅರ್ಧಚಂದ್ರದಂತೆ ಬಾಗಿದ್ದರೆ ಹದ, ಉಂಗುರವಾದರೆ ಮಿತಿ ಮೀರಿತು.

7. ಅನ್ನ, ತರಕಾರಿ, ಸಿಗಡಿ ಜೋಡಿಸಿ, ರಸ ಸುರಿದು, ಸೊಪ್ಪು, ಕಡಲೆಕಾಯಿ ಉದುರಿಸಿ. ರಸವನ್ನು ಒಲೆಯ ಮೇಲೆ ಕುದಿಸದಿದ್ದರೆ ಘಮವೂ ವಿಟಮಿನ್ ಸಿ ಕೂಡ ಉಳಿಯುತ್ತವೆ.

ಅರ್ಧ ಚಮಚ ಉಪ್ಪು ನಾಲ್ವರಿಗೆ ಹಂಚಿದಾಗ ಒಬ್ಬರಿಗೆ ಸುಮಾರು 300 ಮಿಲಿಗ್ರಾಂ ಸೋಡಿಯಂ, ಜೊತೆಗೆ ಸಿಗಡಿಯ ಸ್ವಂತದ್ದಷ್ಟೇ. ಸೋಯಾ ಸಾಸಿನ ಲೆಕ್ಕದೊಂದಿಗೆ ಹೋಲಿಸಿ ನೋಡಿ.

ಉಳಿದ ಅನ್ನ, ಬಂದ ಅತಿಥಿ

ಅನ್ನವನ್ನು ಕುಕ್ಕರಿನಲ್ಲೇ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಿಸಿ ಮಾಡಿ ಡಬ್ಬಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಬದುಕುತ್ತವೆ. ಅನ್ನ ಹೊರಗೆ ಉಳಿದರೆ ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು, ನಿಂಬೆ ಹಿಂಡಿದರೂ ಹೋಗದು. ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲ ಪಾತ್ರೆಯಲ್ಲಿ ಹರಡಿ ಫ್ರಿಜ್ಜಿಗೆ ಸೇರಿಸಿ.

ಪಾಟ್‌ಲಕ್‌ಗೆ ಒಯ್ಯುವವರು "ಇದರಲ್ಲಿ ಸಿಗಡಿ ಇದೆ, ಕಡಲೆಕಾಯಿ ಇದೆ" ಎಂದು ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿ. ಇವೆರಡರ ಅಲರ್ಜಿಯೂ ಪ್ರಾಣಕ್ಕೆ ಬರಬಲ್ಲದು. ಸಸ್ಯಾಹಾರಿಗಳ ಬಟ್ಟಲಿಗೆ ಬೇರೆ ಬಾಣಲೆ, ಬೇರೆ ಸೌಟು ಇರಲಿ. ಇದು ವೈದ್ಯಶಾಸ್ತ್ರಕ್ಕಿಂತ ಮರ್ಯಾದೆಯ ಪ್ರಶ್ನೆ!

ಹಬ್ಬದ ದಿನ ಹೋಳಿಗೆ, ಕೋಸಂಬರಿ ಆಗಲಿ. ಹಬ್ಬ ಮುಗಿದ ವಾರ, ಹೊಟ್ಟೆ ಭಾರವಾಗಿ ಬೆಲ್ಟಿನ ತೂತು ಬದಲಾದಾಗ, ಈ ಬಟ್ಟಲನ್ನು ನೆನಪಿಸಿಕೊಳ್ಳಿ. ಮುಂದಿನ ಯುಗಾದಿ ಸಂಚಿಕೆಯಲ್ಲಿ ಹುಣಸೆಹಣ್ಣಿನ ಕಥೆ ಹೇಳುತ್ತೇನೆ. ಎಲ್ಲರಿಗೂ ದೀಪಾವಳಿ ಮತ್ತು ಕನ್ನಡ ರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು.