ಹಳೆಯ ಕೇಬಲ್ಲಿಗೆ ಹೊಸ ಸ್ವಿಚ್: ಖರೀದಿಗೆ ಮುನ್ನ ಪರೀಕ್ಷೆ ಅಗತ್ಯ

ಕಲಬುರಗಿಯ ನೆಹರು ಗಂಜ್‌ನ ಅಡತ್ ಅಂಗಡಿಯಿರಲಿ, ಅಫಜಲಪುರ ತಾಲ್ಲೂಕಿನ ಅತನೂರಿನಂಥ ಊರಿನ ಸಣ್ಣ ಮಿಲ್ಲಿರಲಿ, ಲೆಕ್ಕಪತ್ರ ಇಂದು ಗಣಕಯಂತ್ರವನ್ನೇ ನಂಬಿದೆ. 2018ರಲ್ಲಿ ಇ-ವೇ ಬಿಲ್ ಜಾರಿಗೆ ಬಂದಿತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ಯಮಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಕಚೇರಿಯೊಳಗಿನ ಸಂಪರ್ಕ ಅರ್ಧ ತಾಸು ಕಡಿದರೆ ತುಂಬಿದ ಲಾರಿ ಬಾಗಿಲಲ್ಲೇ ನಿಲ್ಲುತ್ತದೆ. ಹೀಗಿರುವಾಗ ನೆಟ್‌ವರ್ಕ್ ಸ್ವಿಚ್ಚಿನ ಆಯ್ಕೆಯನ್ನು ಮಾರಾಟಗಾರನ ಮಾತಿಗೇ ಬಿಡುವುದು ಯುಕ್ತವಲ್ಲ.

ಇಪ್ಪತ್ತು ವರ್ಷಗಳ ಹಿಂದೆ ಎಳೆದ ಕೇಬಲ್ ಎಂದ ಮಾತ್ರಕ್ಕೆ ಅದು ನಿರುಪಯುಕ್ತವೆಂದು ತಿಳಿಯಬೇಕಾಗಿಲ್ಲ. 1999ರ ಗಿಗಾಬಿಟ್ ಮಾನಕವನ್ನು ರೂಪಿಸಿದ್ದೇ ಆಗ ಕಟ್ಟಡಗಳಲ್ಲಿದ್ದ ಕ್ಯಾಟ್-5 ಕೇಬಲ್ 100 ಮೀಟರಿನವರೆಗೆ ಬಳಕೆಯಾಗಲೆಂದು. ತೊಡಕಿರುವುದು ಅದನ್ನು ಜೋಡಿಸಿದ ರೀತಿಯಲ್ಲಿ. ಕೇಬಲ್ಲಿನೊಳಗೆ ನಾಲ್ಕು ಜೋಡಿ ಎಳೆಗಳಿರುತ್ತವೆ. 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು. ಆದ್ದರಿಂದ ಖರ್ಚು ಉಳಿಸಲು ಉಳಿದೆರಡನ್ನು ದೂರವಾಣಿಗೋ ಇನ್ನೊಂದು ಗಣಕಯಂತ್ರಕ್ಕೋ ಕೊಡುವ ರೂಢಿಯಿತ್ತು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಹೊಸ ಸ್ವಿಚ್ಚೂ ಗಣಕಯಂತ್ರವೂ ಎರಡೇ ಜೋಡಿಗಳ ಮೇಲೆ ಮಾತಾಡಿಕೊಂಡು ಗಿಗಾಬಿಟ್ ವೇಗಕ್ಕೆ ಒಪ್ಪುತ್ತವೆ, ಆಮೇಲೆ ಅದನ್ನು ನಡೆಸಲಾರದೆ ಸೋಲುತ್ತವೆ. ಕೆಲವು ಉಪಕರಣಗಳು ತಾವಾಗಿ 100ಕ್ಕೆ ಇಳಿಯುತ್ತವೆ. ಕೆಲವು ಸಂಪರ್ಕವನ್ನೇ ಕೊಡುವುದಿಲ್ಲ. ಹಳೆಯ ಸ್ವಿಚ್ಚಿನಲ್ಲಿ ಚೆನ್ನಾಗಿದ್ದದ್ದು ಹೊಸದರಲ್ಲಿ ಕೆಟ್ಟಿತೆಂದು ಮಾಲೀಕರು ದೂರುತ್ತಾರೆ, ಪೆಟ್ಟಿಗೆ ಬದಲಾಗುತ್ತದೆ, ದೋಷ ಗೋಡೆಯೊಳಗೆ ಹಾಗೆಯೇ ಉಳಿಯುತ್ತದೆ.

ಹೀಗಾಗಿ ಮೊದಲ ಖರ್ಚು ಪರೀಕ್ಷೆಗೆ ಆಗಬೇಕು. ಎಂಟೂ ಎಳೆಗಳು ಕ್ರಮವಾಗಿ ಕೂಡಿವೆಯೇ ಎಂದು ತೋರಿಸುವ ಸಣ್ಣ ಟೆಸ್ಟರಿನ ಬೆಲೆ ಸ್ವಿಚ್ಚಿನ ಬೆಲೆಗೆ ಹೋಲಿಸಿದರೆ ಅಲ್ಪ. ಅನೇಕ ವೇಳೆ ತುದಿಯ ಕನೆಕ್ಟರ್ ಬದಲಿಸಿದರೆ ಸಾಕಾಗುತ್ತದೆ. ಕೇಬಲ್ಲಿನ ಎಳೆಯೊಂದನ್ನು ಚಾಕುವಿನಿಂದ ಕೆರೆದೂ ನೋಡಬೇಕು. ತಾಮ್ರದ ಬಣ್ಣದಡಿ ಬೆಳ್ಳಿಯ ಹೊಳಪು ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಅದರ ಮೂಲಕ ಕ್ಯಾಮೆರಾಗಳಿಗೆ ವಿದ್ಯುತ್ ಹರಿಸಿದರೆ ಎಳೆ ಬಿಸಿಯಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಂತೂ ಅಂಥದ್ದನ್ನು ಕಿತ್ತುಹಾಕುವುದೇ ಲೇಸು.

ಇನ್ನು ಸ್ವಿಚ್ಚಿನ ಆಯ್ಕೆ. ನಾಲ್ಕೈದು ಗಣಕಯಂತ್ರಗಳ ಕಚೇರಿಯಲ್ಲಿ ಲೆಕ್ಕದ ತಂತ್ರಾಂಶಕ್ಕೆ ಸ್ಥಿರವಾದ 100 ಮೆಗಾಬಿಟ್ಟೇ ಧಾರಾಳ. 2016ರ ಮಾನಕದಂತೆ 2.5 ಗಿಗಾಬಿಟ್ ಕೂಡ ಒಳ್ಳೆಯ ಕ್ಯಾಟ್-5ಇ ಕೇಬಲ್ಲಿನಲ್ಲಿ ಹರಿಯಬಲ್ಲದು. ಆದರೆ ಬಿಲ್ಲು ಬರೆಯಲು ಅದೇಕೆ? ಅದೇ ಹಣದಲ್ಲಿ ಪ್ರತಿ ಪೋರ್ಟಿನ ವೇಗವನ್ನು ನಿಗದಿ ಮಾಡಲು ಮತ್ತು ದೋಷಗಳ ಎಣಿಕೆಯನ್ನು ನೋಡಲು ಸಾಧ್ಯವಿರುವ 8 ಪೋರ್ಟಿನ ಮ್ಯಾನೇಜ್ಡ್ ಗಿಗಾಬಿಟ್ ಸ್ವಿಚ್ ಕೊಳ್ಳುವುದು ಜಾಣತನ. ಎರಡೇ ಜೋಡಿಯಿರುವ ಪೋರ್ಟನ್ನು 100ಕ್ಕೆ ಮಿತಿಗೊಳಿಸಿದರೆ ಕೆಲಸ ನಡೆಯುತ್ತದೆ. ಯಾವ ಕೇಬಲ್ ಹದಗೆಡುತ್ತಿದೆ ಎಂಬುದು ಎಣಿಕೆಯಿಂದ ಮೊದಲೇ ತಿಳಿಯುತ್ತದೆ. ದುರಸ್ತಿಯವರನ್ನು ಜಿಲ್ಲಾ ಕೇಂದ್ರದಿಂದ ಕರೆಸಬೇಕಾದ ಅತನೂರಿನಂಥ ಊರಿನಲ್ಲಿ ಈ ಸೌಲಭ್ಯದ ಬೆಲೆ ಹೆಚ್ಚು.

ಕಚೇರಿಯಿಂದ ಗೋದಾಮಿಗೆ ಅಂಗಳ ದಾಟಿ ಹೋಗುವ ತಾಮ್ರದ ಕೇಬಲ್ ಮಾತ್ರ ಬೇರೆ ವಿಷಯ. ಸಮೀಪದಲ್ಲಿ ಬಡಿದ ಸಿಡಿಲಿನ ಆಘಾತವನ್ನು ಅದು ಎರಡೂ ಕಡೆಯ ಉಪಕರಣಗಳಿಗೆ ಮುಟ್ಟಿಸಬಲ್ಲದು. ಪರೀಕ್ಷೆಯಲ್ಲಿ ಉತ್ತೀರ್ಣವಾದರೂ ಅದನ್ನು ಉಳಿಸಿಕೊಳ್ಳದೆ, ಲೋಹದ ಕವಚವಿಲ್ಲದ ಆಪ್ಟಿಕಲ್ ಫೈಬರನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಎಳೆಸಬೇಕು.